ಬಿಳಿ ತಿಂಗಳಲ್ಲಿ ಇಳಿದ ಜ್ವರ

ಬೇಡ ಎಂದುಬಿಡಬೇಕಿತ್ತೋ ಏನೋ. ಆದರೆ ಯಾವ ಆಧಾರದ ಮೇಲೆ? ವಾರದ ಅಂಕಿ ಇನ್ನೂ ಬಂದಿರಲಿಲ್ಲ. ಬಂದಿದ್ದರೂ ತಾನು ಅದನ್ನು ನಂಬುತ್ತಿದ್ದನೇ? ನಂಬಿಕೆಯಿಲ್ಲದ ಅಂಕಿಯೊಂದಕ್ಕಾಗಿ ಒಡಹುಟ್ಟಿದ ಅಕ್ಕನನ್ನು ಕಾಯಲು ಹೇಳಿದವನು ಈ ಊರಲ್ಲಿ ತಾನೊಬ್ಬನೇ ಇರಬೇಕು. ತೆಮುಲೆನ್ ಬಸ್ಸಿನ ಕಿಟಕಿಯ ಒಳಮೈಗೆ ಕಟ್ಟಿದ ಮಂಜನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದ. ಕೆರೆದಷ್ಟು ಜಾಗದಲ್ಲಿ ಕಲ್ಲಿದ್ದಲ ಹೊಗೆ ಕಾಣುತ್ತಿತ್ತು, ಹೊಗೆಯ ಹಿಂದೆ ಉಲಾನ್‌ಬಾತರ್ ಇರಬಹುದು ಎಂಬ ಒಂದು ಊಹೆ.

ಬೆಳಿಗ್ಗೆ ಅಕ್ಕ ನಾಮುನ್ ಫೋನ್ ಮಾಡಿದ್ದಳು. ಅವಳ ಮಗು ಉಯಾಂಗಾ ಶರತ್ಕಾಲದಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ್ದು. ಎದೆ ದುರ್ಬಲ, ಚಳಿಗಾಲ ಮುಗಿಯುವವರೆಗೆ ಜನರ ನಡುವೆ ಒಯ್ಯಬೇಡಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಆದರೆ ಬಿಳಿ ತಿಂಗಳು, ಚಾಂದ್ರಮಾನದ ಹೊಸ ವರ್ಷದ ಹಬ್ಬ, ಹತ್ತಿರ ಬಂದಿತ್ತು. ಹೊಸ ವರ್ಷದ ಮೊದಲ ಬೆಳಿಗ್ಗೆ ಮನೆಯ ಹಿರಿಯರು ಮೊಮ್ಮಗುವಿನ ಕೆನ್ನೆ ಮೂಸಿ ಹರಸದೆ ಇದ್ದರೆ ಅದು ಯಾವ ಹಬ್ಬ, ಎಂದು ತಾಯಿ ದುಲಮ್ ದಿನಕ್ಕೊಮ್ಮೆ ಮಗಳನ್ನು ಕೇಳುತ್ತಿದ್ದಳಂತೆ.

"ನೀನು ಜ್ವರ ಎಣಿಸೋ ಆಫೀಸಲ್ಲೇ ಇದೀಯಲ್ಲೋ. ಮಗೂನ ಕರ್ಕೊಂಡು ಬರ್ಲಾ ಬೇಡ್ವಾ, ಒಂದು ಮಾತು ಹೇಳು. ಅಮ್ಮ ಪ್ರಾಣ ತಿಂತಿದಾಳೆ."

"ಈ ವಾರದ ಅಂಕಿ ಬರ್ಲಿ, ಹೇಳ್ತೀನಿ."

"ನಾನು ಅಂಕೀನ ಕೇಳ್ಲಿಲ್ಲ ಕಣೋ. ನಿನ್ನ ಕೇಳ್ದೆ," ಎಂದು ಅವಳು ಫೋನ್ ಇಟ್ಟಿದ್ದಳು.

ಜಿಲ್ಲೆಯ ಆರೋಗ್ಯ ಕಚೇರಿಯಲ್ಲಿ ತೆಮುಲೆನ್‌ನ ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಕೇರಿ ಕೇರಿಯ ಚಿಕಿತ್ಸಾಲಯಗಳಿಗೆ ಜ್ವರ, ಕೆಮ್ಮು ಎಂದು ಎಷ್ಟು ಜನ ಬಂದರು ಎಂಬುದನ್ನು ವಾರಕ್ಕೊಮ್ಮೆ ಕೇಳಿ ಪಡೆದು ಕೂಡಿಸುವುದು; ಕೂಡಿಸಿದ್ದನ್ನು ಗೆರೆಯಾಗಿ ಎಳೆಯುವುದು. ಗೆರೆ ಏರಿದರೆ ಶಿಶುವಿಹಾರಗಳು ಮುಚ್ಚುತ್ತವೆ, ಇನ್ನೂ ಏರಿದರೆ ಶಾಲೆ. ಇದಕ್ಕಾಗಿ ಅವನು ರಷ್ಯದ ಇರ್ಕುತ್ಸ್ಕಿನಲ್ಲಿ ಆರು ವರ್ಷ ಓದಿ ಬಂದಿದ್ದ. ಅಲ್ಲಿಂದ ಮರಳುವಾಗ ರೈಲಿನಲ್ಲಿ, ತನ್ನ ಜನರಿಗೆ ತಾನು ಬೇಕಾಗಿದ್ದೇನೆ ಎಂದುಕೊಂಡಿದ್ದ. ಆ ತರುಣನ ನೆನಪಾದರೆ ಈಗ ಅವನಿಗೆ ಮುಜುಗರವಾಗುತ್ತಿತ್ತು, ಯಾರದೋ ಮದುವೆಯಲ್ಲಿ ಕುಡಿದು ಹಾಡಿದವನ ನೆನಪಾದಂತೆ.

ಮೇಲಧಿಕಾರಿ ಲುವ್ಸಾನ್ ಒಂದು ಕಾಲದಲ್ಲಿ ವೈದ್ಯರಾಗಿದ್ದರಂತೆ. ಈಗ ಅವರ ಬೆರಳಿಗೆ ಸಿಗುತ್ತಿದ್ದ ನಾಡಿ ತಮ್ಮ ಮೇಲಿನವರದು ಮಾತ್ರ. ಗೆರೆ ಏರುತ್ತಿದ್ದ ವಾರಗಳಲ್ಲಿ ಅವರು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ನಗರದ ದೊಡ್ಡವರು, ಈ ಸಲ ಹಬ್ಬದ ಮನೆ ಮನೆ ಭೇಟಿ ಬೇಡ ಎಂದು ಜನರಿಗೆ ಹೇಳಬೇಕಾದೀತೇನೋ ಎಂದು ಗೊಣಗುತ್ತಿದ್ದರು. ಅದನ್ನು ಹೇಳುವ ಬಾಯಿ ತಮ್ಮದಾಗಬಾರದು ಎಂಬುದೊಂದೇ ಲುವ್ಸಾನರ ಚಿಂತೆ. ಬಿಳಿ ತಿಂಗಳು ಬೇಡ ಎಂದವನನ್ನು ಈ ದೇಶದಲ್ಲಿ ಯಾರೂ ಮರೆಯುವುದಿಲ್ಲ.

ಆ ದಿನ ಅಂಕಿ ಬಂತು. ಅರ್ಧಕ್ಕರ್ಧ ಇಳಿದಿತ್ತು.

ಲುವ್ಸಾನ್ ಕೋಣೆಯಿಂದ ಹೊರಗೆ ಬಂದರು. ಗೋಡೆಯ ಮೇಲಿನ ಕೆಂಪು ಗೆರೆಯನ್ನು, ಹೆತ್ತವರು ಮಗನ ಅಂಕಪಟ್ಟಿ ನೋಡುವಂತೆ ನೋಡಿದರು. ಎಲ್ಲರ ಬೆನ್ನು ತಟ್ಟಿದರು, ಯಾರ ಬೆನ್ನು ತಟ್ಟಲೂ ಕಾರಣವಿರಲಿಲ್ಲ. ಸಂಜೆಯೊಳಗೆ ಟೀವಿಯವರಿಗೆ ಹೇಳಿ ಕಳಿಸಬೇಕೆಂದರು.

ತೆಮುಲೆನ್ ತನ್ನ ಮೇಜಿಗೆ ಮರಳಿ ಹಿಂದಿನ ವರ್ಷಗಳ ಗೆರೆಗಳನ್ನು ತೆರೆದು ಕೂತ. ಎಲ್ಲ ವರ್ಷಗಳ ಗೆರೆಯಲ್ಲೂ ಒಂದು ಗುಂಡಿಯಿತ್ತು. ಒಂದು ವರ್ಷ ಜನವರಿಯ ಕೊನೆಗೆ, ಇನ್ನೊಂದು ವರ್ಷ ಫೆಬ್ರವರಿಯ ನಡುವೆ, ಮತ್ತೊಂದರಲ್ಲಿ ಫೆಬ್ರವರಿಯ ಕೊನೆಗೆ. ಗುಂಡಿ ಚಳಿಯನ್ನು ಹಿಂಬಾಲಿಸುತ್ತಿರಲಿಲ್ಲ, ಚಂದ್ರನನ್ನು ಹಿಂಬಾಲಿಸುತ್ತಿತ್ತು. ಬಿಳಿ ತಿಂಗಳು ಎಲ್ಲಿಗೆ ಹೋದರೆ ಗುಂಡಿಯೂ ಅಲ್ಲಿಗೆ. ಗುಂಡಿ ದಾಟಿದ ಮೇಲೆ ಪ್ರತಿ ವರ್ಷವೂ ಒಂದು ಕಡಿದಾದ ಏರು.

ಇದರಲ್ಲಿ ಕಂಡುಹಿಡಿಯುವಂಥದ್ದು ಏನೂ ಇರಲಿಲ್ಲ. ಅವನ ಅಜ್ಜಿಗೂ ಗೊತ್ತಿದ್ದ ವಿಷಯ. ಹಳೆಯ ವರ್ಷದ ಕೊಳೆ ಹೊಸದಕ್ಕೆ ದಾಟಬಾರದು. ಮನೆ ಗುಡಿಸಬೇಕು, ಜಗಳ ಮುಗಿಸಬೇಕು, ಹರಿದದ್ದನ್ನು ಹೊಲಿಯಬೇಕು. ಕಾಯಿಲೆಯನ್ನು ಗುಡಿಸಲಾಗದಿದ್ದರೆ ಮಂಚದ ಕೆಳಗೆ ತಳ್ಳಬೇಕು. ಈ ದಿನಗಳಲ್ಲಿ ವೈದ್ಯರ ಬಾಗಿಲು ತಟ್ಟಿದವನು ವರ್ಷವಿಡೀ ತಟ್ಟುತ್ತಿರುತ್ತಾನೆ. ಅದಕ್ಕೇ ಯಾರೂ ಹೋಗುವುದಿಲ್ಲ. ಯಾರೂ ಹೋಗದಿದ್ದರೆ ಅಂಕಿಯಿಲ್ಲ, ಅಂಕಿಯಿಲ್ಲದಿದ್ದರೆ ಜ್ವರವಿಲ್ಲ. ಇಷ್ಟು ಸರಳವಾದ ಮೂರ್ಖತನಕ್ಕೆ ಇಷ್ಟು ದೊಡ್ಡ ಕಚೇರಿ, ಇಷ್ಟು ಕುರ್ಚಿಗಳು.

ಊರಂಚಿನ ಗುಡ್ಡದ ಚಿಕಿತ್ಸಾಲಯದಿಂದ ಬಂದ ಅಂಕಿ ಒಂದು. ಸಾವಿರಾರು ಜನರ ಗುಡ್ಡಕ್ಕೆ ಒಬ್ಬ ರೋಗಿ. ನೋಡಿಬರುತ್ತೇನೆಂದು ಹೊರಟ.

ಚಿಕಿತ್ಸಾಲಯದ ಓಣಿಯಲ್ಲಿ ಬೆಂಚುಗಳು ಖಾಲಿ ಬಿದ್ದಿದ್ದವು. ಒಳಗೆ ಡಾಕ್ಟರ್ ಬದಮ್ ಮತ್ತು ದಾದಿ, ರೋಗಿಗಳನ್ನು ಮಲಗಿಸುವ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹಬ್ಬಕ್ಕೆ ಕುರಿಮಾಂಸದ ಕಡುಬು ಕಟ್ಟುತ್ತಿದ್ದರು. ಕಟ್ಟಿದ್ದನ್ನು ದಾದಿ ತಟ್ಟೆ ತಟ್ಟೆಯಾಗಿ ಕಿಟಕಿಯ ಹೊರಗಿಟ್ಟು ಚಳಿಗೆ ಕಲ್ಲಾಗಿಸುತ್ತಿದ್ದಳು. ವೈದ್ಯೆ ಮುಜುಗರಪಡಲಿಲ್ಲ, ಹಿಟ್ಟಿನ ಕೈಯಲ್ಲೇ ಅವನಿಗೆ ಕುರ್ಚಿ ತೋರಿಸಿದಳು.

"ಒಂದು ಅಂದ್ರೆ ಒಂದೇನಪ್ಪಾ. ನಾನೇನು ಸುಳ್ಳು ಬರೀಲಾ?"

"ಬೇರೆ ಯಾರಿಗೂ ಜ್ವರ ಇಲ್ವಾ ಡಾಕ್ಟ್ರೇ?"

"ಅದನ್ನ ನೀವು ಯಾವತ್ತು ಕೇಳಿದ್ರಿ? ಎಷ್ಟು ಜನ ಬಂದ್ರು ಅಂತ ಕೇಳ್ತೀರಿ, ಹೇಳ್ತೀವಿ. ಕಡುಬು ಬೇಯಿಸ್ಲಾ, ತಿಂತೀರಾ?"

ಅವನು ಬೇಡವೆಂದ. ವೈದ್ಯೆಯ ಮೂಗು ಕೆಂಪಾಗಿತ್ತು, ಮಾತಿನ ನಡುವೆ ತೋಳಿಗೆ ಮುಖ ಒತ್ತಿ ಎರಡು ಸಲ ಕೆಮ್ಮಿದಳು. ತನ್ನನ್ನು ತಾನು ಎಣಿಸಿಕೊಂಡಿದ್ದಾಳೆಯೇ ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಅಂಥ ಪ್ರಶ್ನೆಗಳನ್ನು ಕೇಳದೆ ಒಳಗೇ ಇಟ್ಟುಕೊಳ್ಳುವುದರಲ್ಲಿ ಅವನಿಗೆ ಒಂದು ಬಗೆಯ ಸುಖವಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ ಎಂಬುದು ಆ ಸುಖಕ್ಕೆ ಅವನು ಕೊಡುತ್ತಿದ್ದ ನೆಪ.

ಅಷ್ಟರಲ್ಲಿ ಆ ಒಂದು ಅಂಕಿ ಬಾಗಿಲು ತಳ್ಳಿಕೊಂಡು ಒಳಗೆ ಬಂತು. ಅವನ ಅತ್ತಿಗೆ, ಸರಂಗೆರೆಲ್; ಎರಡು ದಿನದ ಹಿಂದೆ ಕೆಮ್ಮಿಗೆಂದು ತೋರಿಸಿಕೊಂಡು ಹೋಗಿದ್ದವಳು. ಅಣ್ಣ ದಕ್ಷಿಣದ ಗಣಿಯಲ್ಲಿದ್ದ, ರಜೆ ಸಿಕ್ಕಿರಲಿಲ್ಲ. ಅವಳು ಈ ಗುಡ್ಡದ ಮೇಲಿನ ಬಡವರ ಕೇರಿಯ ಗುಡಾರವೊಂದರಲ್ಲಿ ಒಬ್ಬಳೇ ಇದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಗುಡಾರದಿಂದ ಬಂದವಳು ಎಂಬುದನ್ನು ತಾಯಿ ದುಲಮ್ ಮರೆತಿರಲಿಲ್ಲ, ಮರೆಯಲು ಬಿಟ್ಟಿರಲೂ ಇಲ್ಲ. ಜ್ವರ ಬಂದು ಹೋಗಿ ವಾರ ಕಳೆಯಿತು, ಕೆಮ್ಮು ಮಾತ್ರ ಉಳಿದಿದೆ, ಹಬ್ಬಕ್ಕೆ ಅತ್ತೆಯ ಮನೆಗೆ ಹೋಗಬಹುದೇ, ಅಲ್ಲಿ ಹಸುಗೂಸು ಬರುತ್ತದೆ, ಅದನ್ನು ಕೇಳಲು ಬಂದೆ ಎಂದಳು. ವೈದ್ಯೆ ಕೈತೊಳೆದು ಬಂದು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಒತ್ತಿ ಬಹಳ ಹೊತ್ತು ಕೇಳಿದಳು. ಎದೆ ಶುಭ್ರವಾಗಿದೆ, ಇದು ಹೊಗೆಯ ಒಣಕೆಮ್ಮು, ಯಾರಿಗೂ ಅಂಟುವುದಲ್ಲ, ಹೋಗಿ ಬಾ ಎಂದಳು.

ಮೈದುನ ಅಲ್ಲಿಗೆ ಏಕೆ ಬಂದಿದ್ದಾನೆಂದು ತಿಳಿದಾಗ ಸರಂಗೆರೆಲ್ ನಕ್ಕಳು. ನಕ್ಕದ್ದು ಕೆಮ್ಮಾಯಿತು.

"ಅಂದ್ರೆ ಈ ವಾರ ಇಡೀ ಗುಡ್ಡದ ಜ್ವರ ನಾನೊಬ್ಳೇ ಅನ್ನು. ನಿಮ್ಮಮ್ಮಂಗೆ ಹೇಳ್ಬೇಡ, ಸನ್ಮಾನ ಮಾಡ್ಬಿಟ್ಟಾರು."

ಇಳಿದು ಬರುವಾಗ ದಾರಿಯ ಎರಡೂ ಬದಿಯ ಹಲಗೆ ಬೇಲಿಗಳ ಹಿಂದಿನಿಂದ ಕೆಮ್ಮು ಕೇಳುತ್ತಿತ್ತು. ಒಂದು ಗುಡಾರ ನಿಲ್ಲಿಸಿದರೆ ಮುಂದಿನದು ಶುರುಮಾಡುತ್ತಿತ್ತು. ಕಂಬಳಿ ಒದರುತ್ತಿದ್ದ ಹೆಂಗಸೊಬ್ಬಳನ್ನು ಅವನು ನಿಂತು, ಮನೆಯಲ್ಲಿ ಎಲ್ಲರೂ ಹುಷಾರೇ ಎಂದು ಕೇಳಿದ. ಎಲ್ಲರೂ ಕ್ಷೇಮ ಎಂದಳು. ಅವಳ ಬೆನ್ನ ಹಿಂದಿನ ಗುಡಾರದಲ್ಲಿ ಯಾವುದೋ ಮಗು ಉಸಿರುಗಟ್ಟುವಂತೆ ಕೆಮ್ಮುತ್ತಿತ್ತು. ಅವಳು ಅದರ ಕಡೆ ತಿರುಗಲಿಲ್ಲ, ಅವನ ಮುಖವನ್ನೇ ನೋಡುತ್ತ ನಿಂತಳು, ನೀನು ಕೇಳಿಸಿಕೊಂಡಿಲ್ಲ ತಾನೇ ಎಂಬಂತೆ. ಇಂಥ ಜನರಿಗೆ ಇಂಥದೇ ಕಚೇರಿ ಸರಿ ಎಂದುಕೊಂಡ.

ಹಾಗೆಂದುಕೊಂಡರೂ ಹಳೆಯ ಗೆರೆಗಳನ್ನು ಚೀಲದಲ್ಲಿಟ್ಟುಕೊಂಡು ಸಂಜೆ ಲುವ್ಸಾನರ ಕೋಣೆಗೆ ಹೋದ. ಅವರು ಕನ್ನಡಿಯ ಮುಂದೆ ಹೊಸ ನಿಲುವಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು, ಟೀವಿಗಾಗಿ. ತಿರುಗದೆ ಕನ್ನಡಿಯಲ್ಲೇ ಅವನನ್ನು ನೋಡಿದರು.

"ನಿನ್ನ ಮುಖ ನೋಡಿದ್ರೆ ಗೊತ್ತಾಗತ್ತೆ. ಕೇಳಿಲ್ಲಿ. ನಾವು ಬೇಡ ಅಂದ್ರೂ ಜನ ಹಬ್ಬ ಮಾಡ್ತಾರೆ, ಬೇಕು ಅಂದ್ರೂ ಮಾಡ್ತಾರೆ. ಗೆರೆ ಇಳಿದಿದೆ ಅಂತ ಹೇಳಿದ್ರೆ ಅವ್ರಿಗೂ ಸಂತೋಷ, ನಮಗೂ ಮರ್ಯಾದೆ. ನಾನೇನು ಇಲ್ಲದ್ದು ಹೇಳ್ತಿಲ್ವಲ್ಲ. ಏನಾದ್ರೂ ಹೇಳೋದಿದೆಯಾ?"

ಹೇಳುವುದಿತ್ತು. ನಾಲ್ಕು ಮಾತಿನಲ್ಲಿ ಮುಗಿಯುವಂಥದ್ದು. ಆದರೆ ಆ ಬೆನ್ನಿಗೆ, ಆ ಹೊಳೆಯುವ ರೇಷ್ಮೆಗೆ, ಗುಂಡಿ ಸಿಗದೆ ತಡವರಿಸುವ ಆ ದಪ್ಪ ಬೆರಳುಗಳಿಗೆ ಮಾತು ಒಪ್ಪಿಸುವುದು ಅವನಿಗೆ ತನ್ನ ಘನತೆಗೆ ಕಡಿಮೆ ಎನಿಸಿತು. ಅಥವಾ ಹಾಗೆನಿಸಿತು ಎಂದು ಆಮೇಲೆ ತನಗೇ ಹೇಳಿಕೊಂಡ.

"ಇಲ್ಲ ಸಾಹೇಬ್ರೇ."

ಅವನು ಮನೆ ತಲುಪುವ ಹೊತ್ತಿಗೆ ಲುವ್ಸಾನ್ ಟೀವಿಯಲ್ಲಿ ಮಾತಾಡಿ ಮುಗಿಸಿದ್ದರು. ಈ ಸಲದ ಜ್ವರ ತಗ್ಗಿದೆ, ಕೈ ತೊಳೆಯಿರಿ, ಹಿರಿಯರ ಆಶೀರ್ವಾದ ಪಡೆಯಿರಿ. ಅಕ್ಕನ ಸಂದೇಶ ಬಂದಿತ್ತು: ನಿಮ್ಮ ಸಾಹೇಬರು ಹೇಳಿದ್ದು ಕೇಳಿದೆವು, ನೀನು ಹೇಳಬೇಕಾಗಿಯೇ ಬರಲಿಲ್ಲ, ಬರುತ್ತೇವೆ. ಅವನು ಉದ್ದವಾಗಿ ಏನೋ ಬರೆದ. ಓದಿ ನೋಡಿದರೆ ತನ್ನ ಸಾಹೇಬರ ಮೇಲೆ ದೂರು ಬರೆದಂತಿತ್ತು, ಮಗುವಿನ ಸುದ್ದಿ ಕೊನೆಗೆ ಒಂದು ಸಾಲು. ಅಳಿಸಿದ. ಸರಿ ಎಂದಷ್ಟೇ ಕಳಿಸಿದ.

ಹೊಸ ವರ್ಷದ ಬೆಳಿಗ್ಗೆ ತಾಯಿಯ ಮನೆ ಆಗಲೇ ತುಂಬಿತ್ತು. ರಷ್ಯನ್ನರ ಕಾಲದಲ್ಲಿ ಕಟ್ಟಿದ ಮಹಡಿಮನೆ. ಕಿಟಕಿಗಳನ್ನು ಚಳಿಗೆ ಕಾಗದ ಅಂಟಿಸಿ ಮುಚ್ಚಲಾಗಿತ್ತು, ಶರತ್ಕಾಲದಲ್ಲಿ ಒಳಸೇರಿದ ಗಾಳಿ ವಸಂತದವರೆಗೆ ಹೊರಗೆ ಹೋಗುವುದಿಲ್ಲ. ಮೇಜಿನ ಮೇಲೆ ಹಬ್ಬದ ಉದ್ದನೆಯ ರೊಟ್ಟಿಗಳ ಗೋಪುರ, ಬೇಯಿಸಿದ ಕುರಿಯ ಇಡೀ ಬೆನ್ನು. ಉತ್ತರದ ಗೋಡೆಗೆ ಬೆನ್ನು ಕೊಟ್ಟು ದುಲಮ್ ಕಂದು ರೇಷ್ಮೆಯ ನಿಲುವಂಗಿಯಲ್ಲಿ ಕೂತಿದ್ದಳು. ಅವಳ ಕೆನ್ನೆ ಕೆಂಪೇರಿತ್ತು, ಕಣ್ಣು ಹೊಳೆಯುತ್ತಿತ್ತು. ಈ ವರ್ಷ ಅಜ್ಜಿಗೆ ವಯಸ್ಸು ಇಳಿದಿದೆ ಎಂದು ಬಂದವರೆಲ್ಲ ಹೇಳುತ್ತಿದ್ದರು.

ಅಣ್ಣ ಇಲ್ಲದ್ದರಿಂದ, ಅಕ್ಕ ಇನ್ನೂ ಬಂದಿರದ್ದರಿಂದ, ಮಕ್ಕಳಲ್ಲಿ ಮೊದಲ ಸರದಿ ತೆಮುಲೆನ್‌ನದು. ನೀಲಿ ರೇಷ್ಮೆ ವಸ್ತ್ರವನ್ನು ಎರಡೂ ಅಂಗೈ ಮೇಲೆ ಹಾಸಿಕೊಂಡು ತಾಯಿಯ ಮುಂದೆ ಬಾಗಿದ. ಕಿರಿಯನ ತೋಳು ಕೆಳಗೆ, ಹಿರಿಯರ ತೋಳು ಮೇಲೆ; ಹಿರಿಯರ ಭಾರವನ್ನು ಕಿರಿಯ ಹೊರಬೇಕು, ಅದು ಕ್ರಮ. ತಾಯಿ ತೋಳುಗಳನ್ನು ಇಳಿಸಿದಳು.

ಸುಡುತ್ತಿದ್ದವು. ರೇಷ್ಮೆಯ ಮೇಲಿಂದ, ಒಳಗಿನ ಕುರಿಚರ್ಮದ ಮೇಲಿಂದ, ಅವನ ಮುಂಗೈಗೆ ತಾಗುವಷ್ಟು. ಆಗಷ್ಟೇ ಒಲೆಯಿಂದ ಇಳಿಸಿದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದಂತೆ.

"ಅಮ್ಮ, ಕ್ಷೇಮವಾಗಿದೀರಾ?"

"ಕ್ಷೇಮವಾಗಿದೀನಿ. ನೀನು ಕ್ಷೇಮವಾಗಿದೀಯಾ?"

ಅವಳು ಮುಖ ತಂದು ಅವನ ಕೆನ್ನೆ ಮೂಸಿದಳು. ಉಸಿರು ಬಿಸಿಯಾಗಿತ್ತು. ಹಿಂದೆ ಸರಿಯುವಾಗ ಅವಳ ಬೆರಳುಗಳು ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದವು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು. ಕಣ್ಣು ಅವನ ಕಣ್ಣಲ್ಲೇ ಇತ್ತು. ಗುಡ್ಡದ ಮೇಲೆ ಕಂಬಳಿ ಒದರುತ್ತಿದ್ದ ಹೆಂಗಸಿನ ಕಣ್ಣೂ ಹೀಗೆಯೇ ಇತ್ತು.

"ಕ್ಷೇಮ," ಎಂದ ತೆಮುಲೆನ್, ಎದ್ದು ನಿಂತ.

ಇಷ್ಟು ದಿನ ಎಲ್ಲರನ್ನೂ ಹೀಗಳೆದುಕೊಂಡು ಬಂದದ್ದು ತನ್ನ ಬಾಯಿಯಿಂದಲೇ ಆ ಒಂದು ಪದ ಹೊರಡಲು ಬೇಕಾದ ಅಭ್ಯಾಸವಷ್ಟೇ ಆಗಿತ್ತೇನೋ. ಚಹಾದ ಬಟ್ಟಲು ಹಿಡಿದು ಕಿಟಕಿಯ ಬಳಿ ನಿಂತು ಅವನು ಸಾಲನ್ನು ನೋಡಿದ. ಒಬ್ಬೊಬ್ಬರಾಗಿ ಬಾಗುತ್ತಿದ್ದರು, ಒಬ್ಬೊಬ್ಬರ ತೋಳಿಗೂ ಆ ಬಿಸಿ ತಾಗುತ್ತಿತ್ತು. ಒಬ್ಬರ ಮುಖವೂ ಬದಲಾಗಲಿಲ್ಲ. ಮೇಲಂಗಿಯ ತೋಳಿನೊಳಗೆ ಕೆಮ್ಮಿ, ನಶ್ಯದ ಕುಪ್ಪಿಯನ್ನು ಬಲಗೈಯಿಂದ ಬಲಗೈಗೆ ದಾಟಿಸಿ, ಮೂಗಿಗೆ ಹಿಡಿದು, ಆಹಾ ಎನ್ನುತ್ತಿದ್ದರು.

ಸರಂಗೆರೆಲ್ ಬಂದಳು. ಬಾಗುವ ಮೊದಲೇ ಕೆಮ್ಮು ಬಂತು. ಅವಳು ಅದನ್ನು ಅಡಗಿಸಲಿಲ್ಲ. ಜ್ವರ ಬಂದಿತ್ತು, ವೈದ್ಯರಿಗೆ ತೋರಿಸಿದೆ, ವಾಸಿಯಾಗಿದೆ, ಬರಬಹುದು ಎಂದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ದುಲಮ್ ತೋಳು ಚಾಚಲಿಲ್ಲ, ಬೆರಳ ತುದಿಯನ್ನಷ್ಟೇ ಇಟ್ಟಳು.

"ಬಿಳಿ ತಿಂಗಳ ಹೊಸ್ತಿಲಲ್ಲಿ ಡಾಕ್ಟ್ರ ಬಾಗಿಲು ತಟ್ಟಿ ಬಂದೋಳು ಈ ಮನೇಲಿ ಇವ್ಳೊಬ್ಳೇ. ಹೋಗಮ್ಮ, ಬಾಗ್ಲ ಹತ್ರ ಕೂತ್ಕೋ, ಗಾಳಿ ಬರತ್ತೆ."

ಯಾರೋ ನಕ್ಕರು. ಸರಂಗೆರೆಲ್ ಬಾಗಿಲ ಬಳಿ ಕೂತಳು.

ಕೊನೆಗೆ ನಾಮುನ್ ಬಂದಳು. ಮಗುವಿನ ಹಣೆಗೆ ದೃಷ್ಟಿ ತಾಗದಂತೆ ಒಲೆಯ ಮಸಿ ಬಳಿದಿದ್ದಳು. ದುಲಮ್ ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಂಡು, ಮುಖಕ್ಕೆ ಮುಖ ಒತ್ತಿ, ಒಂದು ಕೆನ್ನೆಯನ್ನು ದೀರ್ಘವಾಗಿ ಮೂಸಿದಳು. ಆಮೇಲೆ ಇನ್ನೊಂದನ್ನು. ಮಗು ಅಜ್ಜಿಯ ಮಡಿಲ ಶಾಖಕ್ಕೆ ಸುಖವಾಗಿ ಕಣ್ಣು ಮುಚ್ಚಿತು.

ನಾಮುನ್ ತಮ್ಮನ ಕಡೆ ತಿರುಗಿದಳು. "ಎಷ್ಟ್ ಹೊತ್ತು ಅಮ್ಮಂಗೆ ಭಾರ. ನೀನು ಸ್ವಲ್ಪ ಎತ್ಕೊಳ್ತೀಯೇನೋ?"

ಅವನು ಕೈ ಚಾಚಿದರೆ ಸಾಕಿತ್ತು. ಕಾರಣವನ್ನೂ ಹೇಳಬೇಕಾಗಿರಲಿಲ್ಲ. ತಾಯಿ ಅವನನ್ನು ನೋಡುತ್ತಿದ್ದಳು.

"ಇರ್ಲಿ ಬಿಡಕ್ಕ. ಅಮ್ಮನ ಹತ್ರಾನೇ ಇರ್ಲಿ."

ಸಂಜೆಯವರೆಗೆ ಮಗು ಆ ಮಡಿಲಲ್ಲೇ ಇತ್ತು.

ಹಬ್ಬ ಮುಗಿದ ವಾರ ಚಿಕಿತ್ಸಾಲಯಗಳ ಮುಂದಿನ ಸಾಲು ರಸ್ತೆಗೆ ಬಂತು. ಮಂಚದ ಕೆಳಗೆ ತಳ್ಳಿದ್ದನ್ನೆಲ್ಲ ಜನ ಎಳೆದು ತರುತ್ತಿದ್ದರು. ಗೆರೆ ಗೋಡೆಯ ಹಾಳೆ ಮೀರಿತು, ಮೇಲೆ ಇನ್ನೊಂದು ಹಾಳೆ ಅಂಟಿಸಿದರು. ಲುವ್ಸಾನ್ ಇದನ್ನು ಹೊಸ ಅಲೆ ಎಂದು ಕರೆದರು. ಹಳೆಯದು ತಾವು ಹೇಳಿದಂತೆಯೇ ಇಳಿದಿತ್ತು, ಜನರೇ ಬುದ್ಧಿಯಿಲ್ಲದೆ ಮನೆ ಮನೆ ಸುತ್ತಿ ಹೊಸದನ್ನು ತಂದರು. ಹಾಗೆಂದು ವರದಿ ಬರೆಯಲು ತೆಮುಲೆನ್‌ಗೆ ಹೇಳಿದರು. ಅವನು ಬರೆದ. ಭಾಷೆ ಚೆನ್ನಾಗಿದೆ ಎಂದು ಮೆಚ್ಚಿಕೊಂಡರು.

ಉಯಾಂಗಾ ಮಕ್ಕಳ ಆಸ್ಪತ್ರೆಯಲ್ಲಿತ್ತು. ಒಂದು ಹಾಸಿಗೆಗೆ ಎರಡು ಮಕ್ಕಳು, ಮೂಗಿಗೆ ಕೊಳವೆ. ಉಸಿರಾಡುವಾಗ ಪಕ್ಕೆಲುಬುಗಳ ನಡುವಿನ ಚರ್ಮ ಒಳಗೆ ಸೇದಿಕೊಳ್ಳುತ್ತಿತ್ತು. ನಾಮುನ್ ಓಣಿಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು, ಕೂತರೆ ನಿದ್ದೆ ಬಂದೀತೆಂದು. ದುಲಮ್ ಪಕ್ಕದಲ್ಲಿ ಕೂತಿದ್ದಳು. ಅವಳ ಜ್ವರ ಹಬ್ಬದ ಜೊತೆಗೇ ಇಳಿದಿತ್ತು, ಕೆಮ್ಮನ್ನು ಹೊಗೆಯ ಲೆಕ್ಕಕ್ಕೆ ಹಾಕಿಯಾಗಿತ್ತು. ಅಲ್ಲಿಗೆ ಸರಂಗೆರೆಲ್ ಬಿಸಿ ಸಾರಿನ ಫ್ಲಾಸ್ಕ್ ಹಿಡಿದು ಬಂದಳು.

"ಇವ್ಳೇ ತಂದಿದ್ದು," ಎಂದಳು ದುಲಮ್, ದನಿ ಏರಿಸದೆ. "ಆವತ್ತು ಇಡೀ ಮನೇಲಿ ಕಾಯಿಲೆ ಇದ್ದಿದ್ದು ಇವ್ಳೊಬ್ಳಿಗೇ ತಾನೇ? ತಾನೇ ಬಾಯ್ಬಿಟ್ಟು ಹೇಳಿದ್ಲಲ್ಲ."

ನಾಮುನ್ ತಲೆಯೆತ್ತಿ ಅತ್ತಿಗೆಯನ್ನು ನೋಡಿದಳು. ಆ ನೋಟದಲ್ಲಿ ಆಗಲೇ ತೀರ್ಪು ಇತ್ತು. ಸರಂಗೆರೆಲ್ ಮೈದುನನ ಕಡೆ ತಿರುಗಿದಳು.

"ನೀನಿದ್ಯಲ್ಲಪ್ಪ ಆವತ್ತು ಗುಡ್ಡದ್ ಮೇಲೆ. ಡಾಕ್ಟ್ರು ಏನಂದ್ರು ಅಂತ ಹೇಳು."

ಓಣಿಯ ತುದಿಯಲ್ಲಿ ಯಾರದೋ ಮಗು ಅಳುತ್ತಿತ್ತು. ತೆಮುಲೆನ್ ಆ ಕಡೆ ನೋಡಿದ. ಎಣಿಸಲ್ಪಟ್ಟವಳು ರೋಗಿ, ಎಣಿಸಿಕೊಳ್ಳದವರು ಕ್ಷೇಮ. ಅವನ ಕಚೇರಿಯ ತರ್ಕವೇ ಅವನ ಮನೆಯವರ ಬಾಯಲ್ಲಿ ಬಂದು ನಿಂತಿತ್ತು.

"ಈಗ ಯಾಕೆ ಆ ಮಾತು ಅತ್ತಿಗೆ," ಎಂದ. "ಮಗು ಹುಷಾರಾಗ್ಲಿ ಮೊದ್ಲು."

ಸರಂಗೆರೆಲ್ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ತಾನು ಲುವ್ಸಾನರ ಬೆನ್ನನ್ನು ನೋಡುತ್ತಿದ್ದ ನೋಟ ಅದು ಎಂದು ಅವನಿಗೆ ಗುರುತು ಸಿಕ್ಕಿತು. ಅವಳು ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟು ಹೋದಳು. ಆ ಸಾರನ್ನು ಯಾರೂ ಕುಡಿಯಲಿಲ್ಲ.

ಮಗು ಉಳಿಯಿತು. ವಸಂತದ ದೂಳುಗಾಳಿ ಏಳುವ ಹೊತ್ತಿಗೆ ಮನೆಗೆ ಬಂತು. ಉಸಿರಿನಲ್ಲಿ ಒಂದು ಸಣ್ಣ ಸಿಳ್ಳೆ ಉಳಿದುಕೊಂಡಿತು, ಚಳಿಗೆ ಹೆಚ್ಚಾಗುತ್ತದೆ, ಬಹುಶಃ ಹಾಗೇ ಇರುತ್ತದೆ ಎಂದರು ವೈದ್ಯರು. ಅದು ಕೇಳಿಸಿದಾಗಲೆಲ್ಲ ನಾಮುನ್ ಸರಂಗೆರೆಲ್‌ಳ ಹೆಸರು ಹೇಳುತ್ತಿದ್ದಳು.

ಮುಂದಿನ ವರ್ಷ ಬಿಳಿ ತಿಂಗಳು ತಡವಾಗಿ ಬಂತು. ಗೆರೆಯೂ ತಡವಾಗಿ, ಅದರ ಜೊತೆಗೇ ಇಳಿಯಿತು. ಲುವ್ಸಾನ್ ಅದೇ ನಿಲುವಂಗಿಯಲ್ಲಿ ಟೀವಿಗೆ ಬಂದರು. ತಾಯಿಯ ಮನೆಗೆ ಎಲ್ಲರೂ ಬಂದರು, ಸರಂಗೆರೆಲ್ ಬರಲಿಲ್ಲ. ಈ ಸಲ ರಜೆ ಸಿಕ್ಕಿದ್ದರೂ ಅಣ್ಣ ಕೂಡ ಬರಲಿಲ್ಲ. ಈ ವರ್ಷ ಮನೆಗೆ ಕಾಯಿಲೆ ಕಾಲಿಟ್ಟಿಲ್ಲ ನೋಡು ಎಂದಳು ದುಲಮ್, ಸಮಾಧಾನದಿಂದ. ತೆಮುಲೆನ್ ನೀಲಿ ವಸ್ತ್ರ ಹಾಸಿಕೊಂಡು ಬಾಗಿದ. ತಾಯಿಯ ತೋಳುಗಳು ಅವನ ತೋಳುಗಳ ಮೇಲೆ ಇಳಿದವು, ತಣ್ಣಗಿದ್ದವು, ಹಗುರಾಗಿದ್ದವು. ಕ್ಷೇಮವೇ ಎಂದು ಕೇಳಿದ, ಕ್ಷೇಮ ಎಂದಳು. ಹಿಂದಿನ ವರ್ಷ ಅದೇ ತೋಳುಗಳು ಸುಡುತ್ತಿದ್ದವು ಎಂದು ಅವನು ಅಕ್ಕನಿಗಾಗಲಿ ಅತ್ತಿಗೆಗಾಗಲಿ ಎಂದೂ ಹೇಳಲಿಲ್ಲ.